ಡಿಸ್ಕಿಗೆ ಹಚ್ಚಿದ ಕುಂಕುಮ

ಪುಣೆಯ ಕೋಥರೂಡದ ನಮ್ಮ ಸೊಸಾಯಿಟಿಯಲ್ಲಿ ವರ್ಷಕ್ಕೊಂದು ದಿನ ನಮ್ಮ ಮನೆಯ ಗಾಡಿಗಳು ಮಾತ್ರ ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಂತಿರುತ್ತವೆ. ನೆರೆಯವರೆಲ್ಲ ಗಾಡಿಗಳಿಗೂ ಹತ್ಯಾರಗಳಿಗೂ ಪೂಜೆ ಮಾಡುವುದು ದಸರೆಯ ದಿನ. ನಾವು ವಿಜಯಪುರದ ಕಡೆಯವರು. ಒಂದು ದಿನ ಮೊದಲು, ನವಮಿಗೆ, ಖಂಡೇ ಪೂಜಾ, ಎಂದರೆ ಆಯುಧ ಪೂಜೆ, ಮಾಡುತ್ತೇವೆ. ಆ ಒಂದು ದಿನದ ಅಂತರ ಒಮ್ಮೆ ನನ್ನ ಮಾನ ಉಳಿಸಿತು. ಅದಕ್ಕೂ ಮೊದಲು, ಆ ಪೂಜೆಯೇ ನನ್ನ ಸೈಕಲ್ಲಿನ ಬ್ರೇಕು ಕೆಡಿಸಿತ್ತು.

ಆ ವರ್ಷ ಸೋದರತ್ತೆಯ ಕಣ್ಣಿನ ಆಪರೇಷನ್ನಿಗೆ ಜೊತೆಗಿರಲೆಂದು ಅಪ್ಪ ಅವ್ವ ಸೊಲ್ಲಾಪುರಕ್ಕೆ ಹೋಗಿದ್ದರು. ಮನೆಯಲ್ಲಿ ನಾನು ಮತ್ತು ಅಜ್ಜಿ. ಅಜ್ಜಿಯ ತಂಗಿ, ನಾವು ಸಣ್ಣಜ್ಜಿ ಎಂದು ಕರೆಯುವವಳು, ಸಾಸವಡದಲ್ಲಿದ್ದಾಳೆ. ದಸರೆಗೆ ಸಣ್ಣವರು ದೊಡ್ಡವರಿಗೆ ಬನ್ನಿ ಕೊಡುವುದು ಪದ್ಧತಿ. ಆದರೆ ಸಣ್ಣಜ್ಜಿಯ ಮೊಳಕಾಲು ಮೆಟ್ಟಿಲು ಇಳಿಯುವುದನ್ನು ಬಿಟ್ಟ ಮೇಲೆ ನಮ್ಮಲ್ಲಿ ಅದು ಉಲ್ಟಾ ಆಗಿದೆ. ಅಜ್ಜಿಯೇ ಬನ್ನಿ ಕಳಿಸುತ್ತಾಳೆ, ಅಪ್ಪ ಸ್ಕೂಟರಿನಲ್ಲಿ ಒಯ್ದು ಕೊಟ್ಟು ಬರುತ್ತಾರೆ. ಈ ಸಲ ಒಯ್ಯುವವರಿಲ್ಲ.  ಅಜ್ಜಿ ಎರಡು ದಿನ ಅಡುಗೆಮನೆಯ ಡಬ್ಬಿಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಮುಚ್ಚಿದಳು.

ಮೂರನೆಯ ದಿನ ನಾನು, "ನಾ ಒಯ್ತೀನಿ, ಸೈಕಲ್ ಮ್ಯಾಲೆ," ಎಂದೆ.

"ನಡುವ ಘಾಟ ಅದ. ಬಸ್ಸಿಗೆ ಹೋಗು."

"ಟಿಕೀಟ ತಗಸಿ ಸೀಮಿ ದಾಟಿದ್ರ ಅದು ದಸರಾದ ಸೀಮೋಲ್ಲಂಘನ ಆಗ್ತದೇನಜ್ಜಿ?"

ಅಜ್ಜಿ ನಕ್ಕುಬಿಟ್ಟಳು. ನನ್ನಿಂದ ಇಂಥ ಮಾತು ತಿಂಗಳಿಗೊಮ್ಮೆ ಹೊರಬಿದ್ದರೆ ಹೆಚ್ಚು. ಆಮೇಲೆ ಒಂದು ಷರತ್ತು ಹಾಕಿದಳು. "ಓಡೋದಕ್ಕೇನದ, ಯಾವ ಗಾಡೀನೂ ಓಡ್ತದ. ನಿಲ್ಲಬೇಕು. ನಿಂತರ ಹೋಗು, ಇಲ್ಲಾಂದ್ರ ಬಸ್ಸು."

ನಾನು ಒಪ್ಪಿಕೊಂಡೆ.  ಸೈಕಲ್ ಕೊಂಡು ಒಂದು ವರ್ಷವಾಗಿತ್ತು. ಆ ಒಂದು ವರ್ಷದಲ್ಲಿ ಅದೆಷ್ಟೋ ಭಾನುವಾರ ಸಾಸವಡದ ದಾರಿಯ ಬೋಪದೇವ ಘಾಟಿನ ಬುಡದವರೆಗೆ ಹೋಗಿ, ಅಲ್ಲಿನ ಅಂಗಡಿಯಲ್ಲಿ ಚಹಾ ಕುಡಿದು, ಮೇಲೆ ಹೋಗುವ ರಸ್ತೆಯನ್ನು ನೋಡಿ, ಹಿಂತಿರುಗಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಹಿಂದಿನ ಬ್ರೇಕಿನ ಹಿಡಿಕೆ ದಿನದಿನಕ್ಕೆ ಮೆತ್ತಗಾಗುತ್ತಿತ್ತು. ಅದನ್ನು ಸರಿಮಾಡುವ ಸಾಮಾನುಗಳನ್ನೂ ತರಿಸಿಟ್ಟಿದ್ದೆ. ಕಪಾಟಿನಲ್ಲಿ ಸ್ವೆಟರುಗಳ ಕೆಳಗೆ ಅವು ಎರಡು ತಿಂಗಳಿಂದ ಬೆಚ್ಚಗಿದ್ದವು.

ಈ ಬ್ರೇಕಿನಲ್ಲಿ ತಂತಿ ಇಲ್ಲ. ಹಿಡಿಕೆಯಿಂದ ಚಕ್ರದವರೆಗೆ ಒಂದು ತೆಳ್ಳನೆಯ ನಳಿಕೆ, ಅದರ ತುಂಬ ಎಣ್ಣೆ. ಹಿಡಿಕೆ ಒತ್ತಿದರೆ ಎಣ್ಣೆ ದೂಡಿಕೊಂಡು ಹೋಗಿ, ಚಕ್ರದ ನಡುವಿನ ಉಕ್ಕಿನ ತಟ್ಟೆಯನ್ನು, ಎಂದರೆ ಡಿಸ್ಕನ್ನು, ಎರಡು ಪ್ಯಾಡುಗಳು ಆಚೀಚೆಯಿಂದ ಹಿಡಿಯುವಂತೆ ಮಾಡುತ್ತದೆ. ನಳಿಕೆಯೊಳಗೆ ಗಾಳಿ ಸೇರಿದರೆ ಹಿಡಿಕೆ ಮೆತ್ತಗಾಗುತ್ತದೆ. ಡಿಸ್ಕಿಗೆ ಎಣ್ಣೆ ತಾಗಿದರೆ ಪ್ಯಾಡು ಜಾರುತ್ತದೆ. ಒಳಗೆ ಎಣ್ಣೆ ಇರಲೇಬೇಕು, ಹೊರಗೆ ಒಂದು ಹನಿಯೂ ಇರಬಾರದು. ಇಷ್ಟೇ ಶಾಸ್ತ್ರ.

ನವಮಿಯ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಅಜ್ಜಿ ಪೂಜೆ ಮುಗಿಸಿದ್ದಳು. ಮಣೆಯ ಮೇಲೆ ಈಳಿಗೆ, ಕತ್ತರಿ, ಮಿಕ್ಸರಿನ ಬ್ಲೇಡು, ಸ್ಪ್ಯಾನರುಗಳಿದ್ದ ಅಪ್ಪನ ಪಾನಾ ಪೆಟ್ಟಿಗೆ, ನನ್ನ ಲ್ಯಾಪ್‌ಟಾಪು, ಎಲ್ಲವೂ ಹೂ ಮುಡಿದು ಕೂತಿದ್ದವು. ಪಕ್ಕದಲ್ಲಿ ಸೈಕಲ್, ಹ್ಯಾಂಡಲ್ಲಿನಿಂದ ಮುಂದಿನ ಚಕ್ರದ ನಡುವಿನವರೆಗೆ ಇಳಿಬಿಟ್ಟ ದಪ್ಪನೆಯ ಚೆಂಡುಹೂವಿನ ಮಾಲೆ. ಮಾಲೆಯ ಹಿಂದೆ ಏನಿದೆ ಎಂದು ನಾನು ನೋಡಲಿಲ್ಲ. ಇಬ್ಬರೂ ಲಿಫ್ಟಿನಲ್ಲಿ ಸೈಕಲ್ ಇಳಿಸಿದೆವು. ಅಜ್ಜಿ ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟು, ಕೂಡಲೇ ಮೂರನೆಯ ಮಹಡಿಗೆ ಮರಳಿ ಬಾಲ್ಕನಿಯಲ್ಲಿ ನಿಂತಳು. ನಾನು ಓಡಿಸುವುದನ್ನು ಮೇಲಿನಿಂದ ನೋಡಬೇಕಾಗಿತ್ತು. ಲಿಂಬೆಹಣ್ಣು ಪಚಕ್ಕೆಂದಿತು. ಗೇಟಿನ ಹತ್ತಿರ ಮುಂದಿನ ಬ್ರೇಕು ಒತ್ತಿದೆ.

ಅದು ಕಿರುಚಿದ ರೀತಿಗೆ ಪಕ್ಕದ ಗಲ್ಲಿಯ ನಾಯಿಗಳು ಉತ್ತರ ಕೊಟ್ಟವು. ಕಿರುಚಿತು, ಆದರೆ ನಿಲ್ಲಲಿಲ್ಲ. ಹಿಂದಿನದನ್ನು ಒತ್ತಿದರೆ ಹಿಡಿಕೆ ಹಣ್ಣಾದ ಬಾಳೆಯಂತೆ ಒಳಗೆ ಹೋಯಿತು. ವಾಚ್‌ಮನ್ ಕುರ್ಚಿಯ ಸಮೇತ ಪಕ್ಕಕ್ಕೆ ಸರಿದ. ನಾನು ದಾಸವಾಳದ ಬೇಲಿಯೊಳಗೆ ಹೊಕ್ಕೆ.

ಮೇಲಿನಿಂದ ಅಜ್ಜಿಯ ಧ್ವನಿ ಬಂತು. "ನಿಂತಿತೇನು?"

"ನಿಂತಿತು!" ಎಂದೆ, ಎಲೆಗಳ ನಡುವಿನಿಂದ.

ಮಾಲೆ ಸರಿಸಿದಾಗ ಕಂಡಿತು. ಮುಂದಿನ ಡಿಸ್ಕಿನ ಎರಡೂ ಬದಿಗೆ ಐದೈದು ಬೊಟ್ಟು, ಅರಿಸಿನ ಕುಂಕುಮ. ಉದುರಬಾರದೆಂದು ಅಜ್ಜಿ ಅದನ್ನು ಶೇಂಗಾ ಎಣ್ಣೆಯಲ್ಲಿ ಕಲಸಿದ್ದಳು. ಅವಳ ಲೆಕ್ಕ ನನಗೆ ತಕ್ಷಣ ಅರ್ಥವಾಯಿತು. ಸ್ಕೂಟರಿಗೆ ಹಣೆ ಇದೆ, ಸೈಕಲ್ಲಿಗೆ ಇಲ್ಲ. ಇಡೀ ಸೈಕಲ್ಲಿನಲ್ಲಿ ಫಳಫಳ ಹೊಳೆಯುವ, ಮುಖದಂತೆ ದುಂಡಗಿರುವ ಜಾಗ ಅದೊಂದೇ. ಈಗ ಪ್ಯಾಡುಗಳು ಆ ಎಣ್ಣೆಯನ್ನೆಲ್ಲ ಕುಡಿದು ಕೂತಿದ್ದವು. ಮುಂದಿನ ಬ್ರೇಕು ಅಜ್ಜಿಯ ಭಕ್ತಿಯಿಂದ ಕೆಟ್ಟಿತ್ತು, ಹಿಂದಿನದು ನನ್ನ ಅಂಜಿಕೆಯಿಂದ.

ಅಜ್ಜಿಗೆ ಹೇಳಬಾರದೆಂದು ಅಲ್ಲೇ ನಿರ್ಧರಿಸಿದೆ. ಹೇಳಿದರೆ ವರ್ಷವಿಡೀ ಕೊರಗುತ್ತಾಳೆ. ಅದಕ್ಕಿಂತ ಹೆಚ್ಚಾಗಿ, ಬಸ್ಸು ಅನ್ನುತ್ತಾಳೆ.

ಸೈಕಲ್ ಅಂಗಡಿಗೆ ಫೋನ್ ಮಾಡಿದೆ. ದಸರೆ ಮುಗಿದ ಮೇಲೆ ಬಾ ಎಂದರು. ಹಾಗಾದರೆ ಮನೆಯಲ್ಲೇ ಆಗಬೇಕು, ಇವತ್ತೇ ಆಗಬೇಕು. ಸೈಕಲ್ ಮೇಲೆ ತಂದು ಅಪ್ಪನ ಪಾನಾ ಪೆಟ್ಟಿಗೆಗೆ ಕೈ ಚಾಚಿದೆ.

"ಏ ಏ ಏ!" ಅಜ್ಜಿ ಅಡುಗೆಮನೆಯಿಂದ ಹಾರಿ ಬಂದಳು. "ಪೂಜಾಕ್ಕ ಕೂತ ಹತ್ಯಾರ ನಾಳೆ ಮುಂಜಾನಿ ತನಕಾ ಎಬ್ಬಸಂಗಿಲ್ಲ. ಅವಕ್ಕೂ ಒಂದ ದಿನಾ ಸೂಟಿ ಬ್ಯಾಡಾ? ಏನಾಗೇದ ಅದಕ್ಕ?"

"ಏನಿಲ್ಲಜ್ಜಿ. ಸರ್ವಿಸಿಂಗ್."

"ಪೂಜಾ ಆದ ಮ್ಯಾಲೆ ಸರ್ವಿಸಿಂಗ್?"

ನಾನು ಗಡಿಯಾರ ನೋಡಿದೆ. ಒಂದಕ್ಕೆ ಐದು ನಿಮಿಷ. ಪುಣೆಯಲ್ಲಿ ಒಂದರಿಂದ ನಾಲ್ಕರವರೆಗೆ ನಿದ್ದೆಯ ಹೊತ್ತು, ಯಾರ ಮನೆಯ ಗಂಟೆಯನ್ನೂ ಒತ್ತಬಾರದು. ಆಗಲೇ ಹೊಳೆಯಿತು: ಇಡೀ ಕಟ್ಟಡದಲ್ಲಿ ಪೂಜೆಗೆ ಕೂತಿರುವ ಪಾನಾಗಳು ನಮ್ಮವು ಮಾತ್ರ! ಉಳಿದವರದು ನಾಳೆ. ಮೆಟ್ಟಿಲು ಎರಡೆರಡಾಗಿ ಹಾರುತ್ತ ನಾವು ಕಾಕೂ ಎಂದು ಕರೆಯುವ ಕೆಳಗಿನ ಮಹಡಿಯ ಮರಾಠಿ ನೆರೆಯಾಕೆಯ ಮನೆಗೆ ಓಡಿದೆ. ಕಾಕೂ ನೈಟಿಯ ಮೇಲೆ ಟವೆಲ್ ಹೊದ್ದು ಬಾಗಿಲು ತೆರೆದರು. ಮಲಗಲು ಹೊರಟವರ ಮುಖ. ಏಳನೆಯ ನಂಬರಿನ ಪಾನಾ ಬೇಕು, ನಮ್ಮದು ಪೂಜೆಗೆ ಕೂತಿದೆ ಎಂದು ಮರಾಠಿಯಲ್ಲಿ ತೊದಲಿದೆ.

ಕಾಕೂ ಒಂದು ಕ್ಷಣ ಯೋಚಿಸಿದರು. "ಮ್ಹಣಜೇ ಆಮಚಾ ಪಾನಾ ಅಜೂನ್ ನಾಸ್ತಿಕ ಆಹೇ!"

ಅವರ ಪಾನಾ ಇನ್ನೂ ನಾಸ್ತಿಕ. ಪೆಟ್ಟಿಗೆಯನ್ನೇ ಎತ್ತಿ ಕೊಟ್ಟರು. ಒಂದಕ್ಕೆ ಎರಡು ನಿಮಿಷ ಇತ್ತು.

ಸೈಕಲ್ ಎತ್ತರದಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ಕೆಲಸ ಮಾಡಲಾಗದು. ಹಾಲಿನಲ್ಲಿ ಅಜ್ಜಿಯ ತೂಗುಮಣೆ ಇತ್ತು. ಮಣೆ ಬಿಚ್ಚಿ, ಆ ಸರಪಳಿಗಳಿಗೇ ಸೈಕಲ್ ಕಟ್ಟಿದೆ, ಒಂದು ಸೀಟಿಗೆ, ಒಂದು ಹ್ಯಾಂಡಲ್ಲಿಗೆ. ನೋಡಲು ಚೆನ್ನಾಗಿಯೇ ಇತ್ತು. ಒಂದೇ ತೊಂದರೆ, ಮುಟ್ಟಿದರೆ ತೂಗುತ್ತಿತ್ತು. ನಾನು ಪಾನಾ ಹಿಡಿದು ಹಿಂದೆ ಹೋದರೆ ಅದು ಮುಂದೆ ಬರುತ್ತಿತ್ತು. ಮೂರು ಸಲ ಹೀಗಾದ ಮೇಲೆ ಅಜ್ಜಿ ಬಂದು ಹ್ಯಾಂಡಲ್ ಹಿಡಿದುಕೊಂಡಳು.

"ಜೋಗುಳಾ ಹಾಡ್ಲೇನು?"

ನಾನು ಯಾವ ಕೆಲಸವನ್ನೂ ಯಾರ ಮುಂದೆಯೂ ಮಾಡುವವಳಲ್ಲ. ಮೊದಲು ಒಂದು ಹಾಳೆಯ ಮೇಲೆ ಕ್ರಮವಾಗಿ ಬರೆದು, ಬಾಗಿಲು ಹಾಕಿಕೊಂಡು, ತಪ್ಪಿದರೆ ಯಾರಿಗೂ ಗೊತ್ತಾಗದಂತೆ ಮಾಡುವವಳು. ಹಾಳೆ ಬರೆದಿಟ್ಟಿದ್ದೆ, ಹದಿನೇಳು ಸಾಲು. ಆದರೆ ಹದಿನೇಳರಲ್ಲಿ ಒಂದರಲ್ಲೂ "ಅಜ್ಜಿ ಹ್ಯಾಂಡಲ್ ಹಿಡಿಯಬೇಕು" ಎಂದಿರಲಿಲ್ಲ.

ಮುಂದಿನ ಚಕ್ರ ಬಿಚ್ಚಿ, ಲ್ಯಾಪ್‌ಟಾಪ್ ಒರೆಸಲು ತಂದಿದ್ದ ಸ್ಪಿರಿಟ್ಟಿನಿಂದ ಡಿಸ್ಕು ತಿಕ್ಕಿದೆ. ಹೊಸ ಪ್ಯಾಡು ಒಂದು ಜೊತೆ ಇತ್ತು, ಪುಣ್ಯ. ಹಳೆಯವನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತುರುಕಿದೆ. ಕೈ ತೊಳೆದು ಬಂದೆ. ಮತ್ತೆ ಹೋಗಿ ತೊಳೆದು ಬಂದೆ. ಹೊಸ ಪ್ಯಾಡನ್ನು ಅಂಚಿನಲ್ಲಷ್ಟೇ ಹಿಡಿದು, ಅಜ್ಜಿ ಬೆರಳು ಚಾಚಿದಾಗ, "ಮುಟ್ಟಬ್ಯಾಡಜ್ಜಿ!" ಎಂದು ಕೂಗಿದೆ.

"ಅಯ್ಯ ನನ್ನವ್ವ! ನಿನ್ನ ಗಾಡೀದು ನನಕಿಂತಾ ಕಟ್ಟಾ ಮಡಿ ಅದಲ್ಲ! ಮುಟ್ಟಿದ್ರ ಏನಾಗ್ತದ?"

"ಕೈಯಾಗಿನ ಎಣ್ಣಿ ತಾಗ್ತದ. ಎಣ್ಣಿ ತಾಗಿದ್ರ ಜಾರ್ತದ."

ಅಜ್ಜಿ ಚಾಚಿದ ಬೆರಳನ್ನು ಹಿಂದಕ್ಕೆಳೆದುಕೊಂಡಳು. ಆಮೇಲೆ ನೆಲದ ಮೇಲೆ ಬಿದ್ದಿದ್ದ ಒರೆಸಿದ ಬಟ್ಟೆಯನ್ನು ಕಾಲಿನಿಂದ ಸರಿಸಿ, "ಈ ಅರಿವಿ ಯಾಕ ಹಿಂಗ ಕೆಂಪಗಾಗೇದ?" ಎಂದು ಕೇಳಿದಳು.

"ತುಕ್ಕು," ಎಂದೆ.

"ಹೂಂ. ತುಕ್ಕು."

ಈಗ ಹಿಂದಿನ ಬ್ರೇಕು, ನಾನು ಎರಡು ತಿಂಗಳು ಅಂಜಿದ್ದು. ಹಿಂದಿನ ಚಕ್ರವನ್ನೂ ಪ್ಯಾಡುಗಳನ್ನೂ ತೆಗೆದು ಬೇರೆ ಕೋಣೆಯಲ್ಲಿಟ್ಟೆ. ಹಿಡಿಕೆಯ ಮೇಲಿನ ಸಣ್ಣ ತಿರುಪು ತೆಗೆದು ಅಲ್ಲಿ ಒಂದು ಪುಟ್ಟ ಬಟ್ಟಲು ಕೂರಿಸಬೇಕು. ಕೆಳಗೆ ಚಕ್ರದ ಹತ್ತಿರ ಒಂದು ಸಿರಿಂಜು ಸಿಕ್ಕಿಸಿ, ಹೊಸ ಎಣ್ಣೆಯನ್ನು ಕೆಳಗಿನಿಂದ ಮೇಲಕ್ಕೆ ದೂಡಬೇಕು. ಎಣ್ಣೆ ಏರುತ್ತ ಒಳಗಿನ ಗಾಳಿಯನ್ನು ಬಟ್ಟಲಿಗೆ ತಂದು ಬಿಡುತ್ತದೆ. ಎಣ್ಣೆಯ ಬಣ್ಣ ಗುಲಾಬಿ ಶರಬತ್ತಿನಂತೆ. ಮೇಲೆ ಕಣ್ಣು, ಕೆಳಗೆ ಕೈ. ನನ್ನ ಕೊರಳು ಅಷ್ಟು ಉದ್ದವಿರಲಿಲ್ಲ.

"ಅಜ್ಜಿ, ಬಟ್ಟಲದಾಗ ಗುಳ್ಳಿ ಬಂದ್ರ ಹೇಳು."

"ಗಾಳಿ ಹೊಕ್ಕದೇನು ಒಳಗ?" ಅಜ್ಜಿ ಕನ್ನಡಕ ಮೇಲಕ್ಕೇರಿಸಿದಳು. "ಅಷ್ಟ ಹೌದಿಲ್ಲೋ? ಮೊದಲ ಹೇಳಬಾರದೇನು! ಇಪ್ಪತ್ತು ವರ್ಷ ಪಂಪಿನ ಸ್ಟೋ ಹಚ್ಚೀನಿ ನಾನು. ವಾಶರ್ ನಾನ ಹಾಕ್ತಿದ್ದೆ, ಪಿನ್ ನಾನ ಹೊಡೀತಿದ್ದೆ. ಗಾಳಿ ಎಲ್ಲಿ ಕೂತದ ಅಂತ ಸಪ್ಪಳದ ಮ್ಯಾಲೆ ಹೇಳ್ತಿದ್ದೆ."

ನಾನು ದೂಡಿದೆ.

"ಬಂತು ಒಂದ. ಮತ್ತೊಂದ. ಏ, ಹಿಂಡಗಟ್ಲೆ ಬರಲಿಕತ್ತಾವ! ಜೋರ ಬ್ಯಾಡ, ಮೆಲ್ಲಕ. ಮೆಲ್ಲಕ ಅಂದ್ನೆಲ್ಲಾ!"

ನಾನು ಹುರುಪಿನಲ್ಲಿ ಜೋರಾಗಿಯೇ ದೂಡಿದ್ದೆ. ಬಟ್ಟಲಿನಿಂದ ಗುಲಾಬಿ ಕಾರಂಜಿ ಎದ್ದು ನೇರವಾಗಿ ಅಜ್ಜಿಯ ಮೂಗಿನ ಮೇಲೆ ಬಿತ್ತು. ಮೂಗಿನ ತುದಿಯಿಂದ ಒಂದು ಹನಿ ತೂಗಾಡಿತು. ಅಜ್ಜಿ ಅದನ್ನು ಒರೆಸಿಕೊಳ್ಳದೆ, ಗಂಭೀರವಾಗಿ, "ನಂದೂ ಖಂಡೇ ಪೂಜಾ ಆತು," ಎಂದಳು.

ನಾನು ನೆಲದ ಮೇಲೆ ಕೂತುಬಿಟ್ಟೆ. ನಗು ತಡೆಯಲು ಹೋದರೆ ಬಿಕ್ಕಳಿಕೆ ಬಂತು. ಅಜ್ಜಿ ನಗುತ್ತ ಹ್ಯಾಂಡಲ್ಲಿಗೆ ಜೋತುಬಿದ್ದಳು. ಸೈಕಲ್ ತೂಗಿತು, ಸರಪಳಿ ಕಿರುಗುಟ್ಟಿತು, ಸಿರಿಂಜು ಗಡಿಯಾರದ ಲೋಲಕದಂತೆ ಆಡಿತು. ಎಲ್ಲ ನಿಲ್ಲಲು ಐದು ನಿಮಿಷ ಬೇಕಾಯಿತು.

ಆಮೇಲೆ ಅಜ್ಜಿಯೇ ಯಜಮಾನಿ. ಅವಳು ಹೇಳಿದಷ್ಟೇ ನಾನು ದೂಡಿದೆ. ಅವಳು ಬೆರಳಿನಿಂದ ನಳಿಕೆಯ ಉದ್ದಕ್ಕೂ ಟಕಟಕ ಬಡಿಯುತ್ತ ಬಂದು, ಒಂದು ತಿರುವಿನಲ್ಲಿ ನಿಂತು, "ಇಲ್ಲೆ ಒಂದ ಅಡಗಿ ಕೂತದ," ಎಂದಳು. ನನ್ನ ಹಾಳೆಯಲ್ಲಿ ಅಂಥ ಸಾಲು ಇರಲಿಲ್ಲ. ಅಲ್ಲೇ ನಾಲ್ಕು ಬಾರಿ ಬಡಿದಳು. ದಪ್ಪನೆಯ ಒಂದು ಗುಳ್ಳೆ ಬಟ್ಟಲಿಗೆ ಬಂದು ಪಟ್ಟೆಂದಿತು. ಅದು ಅಜ್ಜಿಯ ಕಿವಿಯೋ ಬರೀ ಅದೃಷ್ಟವೋ, ಇವತ್ತಿಗೂ ನಾನು ಹೇಳಲಾರೆ. ಇಬ್ಬರೂ ಹೋ ಎಂದು ಕೂಗಿದೆವು. ಎಲ್ಲ ಮುಚ್ಚಿ, ತಿರುಪು ಬಿಗಿದು, ಚಕ್ರಗಳನ್ನು ಹಾಕಿ, ಹಿಡಿಕೆ ಒತ್ತಿದೆ. ಗಟ್ಟಿ. ಕಲ್ಲಿನಂತೆ ಗಟ್ಟಿ. ಹತ್ತು ಸಲ ಒತ್ತಿದೆ. ಅಜ್ಜಿ ಹತ್ತು ಸಲ ಒತ್ತಿದಳು. ಮತ್ತೆ ನಾನು ಒತ್ತಿದೆ.

ನಾಲ್ಕು ಗಂಟೆಗೆ ಸರಿಯಾಗಿ ಬಾಗಿಲ ಗಂಟೆ ಸದ್ದು ಮಾಡಿತು. ಕಾಕೂ, ಕೈಯಲ್ಲಿ ಸ್ಟೀಲ್ ಡಬ್ಬಿ, ಮುಖದಲ್ಲಿ ಚಿಂತೆ. ತೊಳೆದ ಸಿರಿಂಜುಗಳನ್ನು ನಾನು ಬಾಲ್ಕನಿಯ ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದೆ. ಅದನ್ನು ಎದುರಿನ ಕಟ್ಟಡದವರು ನೋಡಿ ಕಾಕೂಗೆ ಫೋನ್ ಮಾಡಿದ್ದರು.

"ಕೋಣ ಆಜಾರೀ ಆಹೇ? ಆಜೀ?" ಯಾರಿಗೆ ಹುಷಾರಿಲ್ಲ, ಅಜ್ಜಿಗೇನು ಎಂದು ವಿಚಾರಣೆ. ಡಬ್ಬಿಯಲ್ಲಿ ಹೆಸರುಬೇಳೆಯ ಖಿಚಡಿ.

"ಸಾಯಕಲ್," ಎಂದಳು ಅಜ್ಜಿ. "ಆತಾ ಬರೀ ಆಹೇ." ಸೈಕಲ್ಲಿಗೆ ಹುಷಾರಿರಲಿಲ್ಲ, ಈಗ ಪರವಾಗಿಲ್ಲ.

ಖಿಚಡಿಯನ್ನು ಮೂವರೂ ಅಲ್ಲೇ ನಿಂತು ತಿಂದೆವು.

ಒಂದು ಕೆಲಸ ಉಳಿದಿತ್ತು. ಹೊಸ ಪ್ಯಾಡು ಡಿಸ್ಕಿನ ಜೊತೆ ಪಳಗಬೇಕು. ಸ್ವಲ್ಪ ವೇಗ ಹಿಡಿದು ನಿಧಾನವಾಗಿ ಬ್ರೇಕು ಒತ್ತುವುದು, ಮತ್ತೆ ವೇಗ, ಮತ್ತೆ ಬ್ರೇಕು, ಹೀಗೆ ಇಪ್ಪತ್ತು ಸಲ. ಯಾರೂ ಇಲ್ಲದ ಹೊತ್ತಿನಲ್ಲಿ ಸದ್ದಿಲ್ಲದೆ ಮಾಡಿ ಮುಗಿಸೋಣ ಎಂದುಕೊಂಡಿದ್ದೆ. ಎರಡನೆಯ ಸುತ್ತಿಗೇ ಮೇಲಿನಿಂದ "ಎರಡು!" ಎಂದು ಕೂಗು ಬಂತು. ತುಳಸಿ ಕಟ್ಟೆಗೆ ಪ್ರದಕ್ಷಿಣೆ ಎಣಿಸುವ ಧ್ವನಿ. ಕೆಳಗಿನ ಬಾಲ್ಕನಿಯಿಂದ ಕಾಕೂ ಸೇರಿಕೊಂಡರು, ಮರಾಠಿಯಲ್ಲಿ. ಎಂಟರ ಹೊತ್ತಿಗೆ ಇಬ್ಬರ ಲೆಕ್ಕ ತಪ್ಪಿತು.

"ಹನ್ನೊಂದು!"

"ಬಾರಾ, ಆಜೀ, ಬಾರಾ!"

"ಹನ್ನೊಂದ್ರೀ! ಒಂದ ಸಲ ಆಕಿ ಬರೇ ತಿರಗ್ಯಾಳ, ಬ್ರೇಕ ಹಾಕಿಲ್ಲ!"

ಬೇರೆ ಬಾಲ್ಕನಿಗಳೂ ತುಂಬಿದವು. ಯಾರೋ ಹನ್ನೊಂದರ ಪರ, ಯಾರೋ ಹನ್ನೆರಡರ ಪರ. ಈ ಸೊಸಾಯಿಟಿಯಲ್ಲಿ ಆರು ವರ್ಷ ತಲೆ ತಗ್ಗಿಸಿ ಲಿಫ್ಟಿನಲ್ಲಿ ಓಡಾಡಿದವಳು ನಾನು. ಬೇರೆ ದಿನವಾಗಿದ್ದರೆ ಸೈಕಲ್ ಅಲ್ಲೇ ಬಿಟ್ಟು ಓಡಿಹೋಗುತ್ತಿದ್ದೆ. ಆ ದಿನ ಕಿವಿ ಬಿಸಿಯಾಗಿದ್ದರೂ ಸುತ್ತುತ್ತಲೇ ಇದ್ದೆ, ಬೇಕಾದ್ದಕ್ಕಿಂತ ಎರಡು ಸುತ್ತು ಹೆಚ್ಚು. ಕೊನೆಯ ಸಲ ದಾಸವಾಳದ ಬೇಲಿಯ ಎದುರು ವೇಗವಾಗಿ ಹೋಗಿ, ಎರಡು ಬೆರಳಿನಲ್ಲಿ ಒತ್ತಿದೆ. ಸದ್ದಿಲ್ಲ. ಒಂದು ಎಲೆಯೂ ಅಲುಗಲಿಲ್ಲ.

"ನಿಂತಿತೇನು?"

"ನಿಂತಿತಜ್ಜಿ!" ಈ ಸಲ ಅದು ನಿಜ.

ದಸರೆಯ ಬೆಳಿಗ್ಗೆ ಅಜ್ಜಿ ಬನ್ನಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಕೊಟ್ಟಳು. ಕಾತ್ರಜದಲ್ಲಿ ನಮ್ಮ ಊರಿನ ಕಡೆಯ ಬಸ್ಸುಗಳು ಕನ್ನಡದ ಬೋರ್ಡು ಹಾಕಿಕೊಂಡು, ಮೂತಿಗೆ ಕಬ್ಬು ಬಾಳೆ ಕಟ್ಟಿಕೊಂಡು ನಿಂತಿದ್ದವು. ಅಲ್ಲಿಂದ ತಿರುಗಿ ಘಾಟಿನ ಬುಡಕ್ಕೆ ಬಂದೆ. ಚಹಾದ ಅಂಗಡಿ ಬಂತು, ಹಿಂದಾಯಿತು. ಇಷ್ಟೇ. ಒಂದು ವರ್ಷ ನಾನು ನಿಲ್ಲುತ್ತಿದ್ದ ಜಾಗ ಹಿಂದಾಗಲು ನಾಲ್ಕು ಪೆಡಲು ಸಾಕಾಯಿತು.

ಏರು ದೀರ್ಘವಾಗಿತ್ತು. ಅರ್ಧ ಏರಿ ಏದುಸಿರು ಬಿಡುತ್ತಿದ್ದಾಗ ಹೊಳೆಯಿತು: ಹೋಗುವಾಗ ಪೂರ್ತಿ ಏರು, ಆಮೇಲೆ ಸಾಸವಡದವರೆಗೆ ಹೆಚ್ಚುಕಡಿಮೆ ಸಪಾಟು. ಬನ್ನಿ ಮುಟ್ಟಿಸಲು ಬ್ರೇಕೇ ಬೇಕಿರಲಿಲ್ಲ! ಬೇಕಾದದ್ದು ಮನೆಗೆ ಮರಳಲು. ಇದನ್ನು ಇಡೀ ದಿನ ಇಬ್ಬರೂ ಯೋಚಿಸಿರಲಿಲ್ಲ. ನಕ್ಕು ನಕ್ಕು ಉಸಿರು ಹೋಗಿ ಕಾಲು ಕೆಳಗಿಡಬೇಕಾಯಿತು.

ಸಣ್ಣಜ್ಜಿ ಬಾಗಿಲಲ್ಲಿ ಕೂತು ಕಾಯುತ್ತಿದ್ದಳು. ನಾನು ಬನ್ನಿ ಕೊಟ್ಟು ಕಾಲಿಗೆರಗಿದೆ. "ಬನ್ನಿ ತಗೊಂಡು ಬಂಗಾರಧಂಗ ಇರೋಣು," ಎಂದು ಇಬ್ಬರೂ ಹೇಳಿಕೊಂಡೆವು. ಸಾಸವಡದಲ್ಲಿ ಎಷ್ಟೋ ವರ್ಷ ಇದ್ದು ಸಣ್ಣಜ್ಜಿಯ ಪೂಜೆಯೂ ಅಲ್ಲಿನವರಂತೆ ದಸರೆಯ ದಿನಕ್ಕೆ ಸರಿದಿದೆ. ಅವಳ ಪಕ್ಕದಲ್ಲಿ ತಾಟು, ತಾಟಿನಲ್ಲಿ ಎಣ್ಣೆಯಲ್ಲಿ ಕಲಸಿದ ಕುಂಕುಮ. ಅವಳು ಗೋಡೆ ಹಿಡಿದು ಎದ್ದು, ಬೆರಳು ಅದ್ದಿ, ಸೈಕಲ್ಲಿನ ಕಡೆ ಹೊರಟಳು. ನೇರ ಮುಂದಿನ ಚಕ್ರಕ್ಕೆ.

ನಾನು ಅಡ್ಡ ಬರಲು ಧಾವಿಸಿದೆ.

ಡಿಸ್ಕಿನ ಮುಂದೆ ಬಾಗಿದವಳು ನಿಂತಳು. "ಇದನ ಏನು, ಆ ತೂತು ತೂತಿನ ತಾಟು? ಇದಕ್ಕ ಹಚ್ಚಬ್ಯಾಡ ಅಂದಾಳ ಅಕ್ಕ. ನಸುಕಿನ್ಯಾಗ ಫೋನ್ ಮಾಡಿದ್ಲು. ‘ನಾ ನಿನ್ನೆ ಹಚ್ಚಿದ್ದಕ್ಕ ಹುಡುಗಿ ದಿನಾಪೂರ್ತಿ ತಿಕ್ಕ್ಯಾಳ, ಕೇಳಿದ್ರ ತುಕ್ಕು ಅಂತಾಳ, ನಾನೂ ತುಕ್ಕು ಅಂದೆ’ ಅಂತ. ಎಲ್ಲಿ ಹಚ್ಚಲಿ ಹೇಳು ಮತ್ತ?"

ನಾನು ಗಂಟೆ ತೋರಿಸಿದೆ. ಹ್ಯಾಂಡಲ್ಲಿನ ಮೇಲಿನ ಪುಟ್ಟ ಹಿತ್ತಾಳೆ ಗಂಟೆ. ಸಣ್ಣಜ್ಜಿ ಅದಕ್ಕೆ ದಪ್ಪನೆಯ ಬೊಟ್ಟಿಟ್ಟು, ಗುಡಿಯಲ್ಲಿ ಬಾರಿಸುವಂತೆ ಮೂರು ಸಲ ಬಾರಿಸಿದಳು.

ಮರಳುವಾಗ ಘಾಟಿನ ತುದಿಯಲ್ಲಿ ಇಡೀ ಪುಣೆ ಕೆಳಗೆ ಬಿದ್ದಿತ್ತು. ಮೊದಲ ತಿರುವಿನಲ್ಲಿ ಎರಡು ಬೆರಳು ಒತ್ತಿದೆ. ಸೈಕಲ್ ವಿಧೇಯವಾಗಿ ನಿಧಾನವಾಯಿತು. ಎರಡನೆಯ ತಿರುವಿನಲ್ಲೂ. ಮೂರನೆಯದರ ಹೊತ್ತಿಗೆ ನಾನು ಕೂಗುತ್ತಿದ್ದೆ. ಏನು ಕೂಗಿದೆ ಎಂದು ಇಲ್ಲಿ ಬರೆಯುವುದಿಲ್ಲ. ಬುಡದಲ್ಲಿ ಚಹಾದ ಅಂಗಡಿಯ ಎದುರು ನಿಲ್ಲಿಸಿ ಅಜ್ಜಿಗೆ ಫೋನ್ ಮಾಡಿದೆ.

"ನಿಂತಿತೇನು?"

"ನಿಂತಿತಜ್ಜಿ."

"ಹಂಗಾರ ಲಗೂನ ಬಾ, ತೂಗಮಣಿ ಕಟ್ಟಿಕೊಡು. ನಿನ್ನೀದು ಆ ತುಕ್ಕಿನ ಅರಿವೀನೂ ತೊಳದ ಹಾಕೀನಿ. ಎಷ್ಟ ತಿಕ್ಕಿದ್ರೂ ಕುಂಕುಮದ ವಾಸನಿ ಹೋಗವಲ್ದು."